ಮುಳ್ಳೋ ಹೂವೋ: ಬೋಗನ್‌ವಿಲ್ಲಾ ಹೂ ಬಿಡುವ ಲೆಕ್ಕ

ಹೈವೇ ಮಧ್ಯದ ಡಿವೈಡರ್‌ನಲ್ಲಿ ಬೋಗನ್‌ವಿಲ್ಲಾ ನೋಡಿರುತ್ತೀರಿ. ಫೆಬ್ರವರಿ, ಮಾರ್ಚ್ ಬಂತೆಂದರೆ ಎಲೆಯೇ ಕಾಣದಷ್ಟು ಹೂ. ಅಲ್ಲಿ ಮಣ್ಣು ಅಂತ ಇರುವುದು ಜಲ್ಲಿ, ಸಿಮೆಂಟ್ ಚೂರು ಬೆರೆತ ಗಟ್ಟಿ ನೆಲ. ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ದಿನವಿಡೀ ಲಾರಿಗಳ ಬಿಸಿಗಾಳಿ. ಅದೇ ಗಿಡವನ್ನು ಮನೆಗೆ ತಂದು, ದೊಡ್ಡ ಕುಂಡದಲ್ಲಿಟ್ಟು, ಒಳ್ಳೆ ಎರೆಗೊಬ್ಬರ ಹಾಕಿ, ದಿನಾ ತಪ್ಪದೆ ನೀರು ಹಾಕಿದರೆ ಬರುವುದು ಬರೀ ಹಸಿರು, ಉದ್ದುದ್ದ ಕೊಂಬೆ, ಬೆರಳಿಗೆ ಚುಚ್ಚುವ ಮುಳ್ಳು. ಹೂ ಮಾತ್ರ ಇಲ್ಲ.

ಯಾರನ್ನು ಕೇಳಿದರೂ "ನೀರು ಕಡಿಮೆ ಮಾಡಿ" ಅನ್ನುತ್ತಾರೆ. ಮಾತು ಸರಿಯೇ, ಆದರೆ ಅರ್ಧ. ಯಾಕೆ ಕಡಿಮೆ, ಎಷ್ಟು ಕಡಿಮೆ, ಯಾವಾಗ ಶುರು ಮಾಡಿ ಯಾವಾಗ ನಿಲ್ಲಿಸಬೇಕು ಅನ್ನುವುದು ಗೊತ್ತಿಲ್ಲದೆ ನೀರು ಬಿಟ್ಟು ಗಿಡವನ್ನೇ ಒಣಗಿಸಿದವರಿದ್ದಾರೆ. ಈ ಗಿಡದ ಒಳಗೆ ನಡೆಯುವುದೇನು ಅಂತ ಒಮ್ಮೆ ತಿಳಿದರೆ ನೀರು, ಗೊಬ್ಬರ, ಕತ್ತರಿ, ಕುಂಡದ ಅಳತೆ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಅದರಿಂದಲೇ ಶುರು ಮಾಡೋಣ.

ಒಂದು ಕೊಂಬೆ ಹಿಡಿದು ಹತ್ತಿರದಿಂದ ನೋಡಿ. ಎಲೆ ಕೊಂಬೆಗೆ ಸೇರುವ ಸಂದಿನಲ್ಲಿ ಒಂದು ಕಡೆ ಮುಳ್ಳು ಕಾಣುತ್ತದೆ, ಇನ್ನೊಂದು ಕಡೆ ಅದೇ ಜಾಗದಲ್ಲಿ ಹೂಗೊಂಚಲು ಕಾಣುತ್ತದೆ. ಇದು ಆಕಸ್ಮಿಕ ಅಲ್ಲ. ಬೋಗನ್‌ವಿಲ್ಲಾದಲ್ಲಿ ಮುಳ್ಳು ಮತ್ತು ಹೂಗೊಂಚಲು ಎರಡೂ ಒಂದೇ ಬಗೆಯ ಕಣ್ಣಿನಿಂದ ಹುಟ್ಟುತ್ತವೆ. ಎಲೆಸಂದಿನ ಆ ಪುಟ್ಟ ಕಣ್ಣು ಬೆಳೆಯಲು ಶುರುವಾದಾಗ ಅದಕ್ಕೆ ಎರಡು ದಾರಿ ಇರುತ್ತವೆ. ಅನುಕೂಲ ಸಿಕ್ಕರೆ ಕವಲೊಡೆದು ಹೂಗೊಂಚಲಾಗುತ್ತದೆ. ಸಿಗದಿದ್ದರೆ ಅಲ್ಲೇ ಗಟ್ಟಿಯಾಗಿ, ತುದಿ ಚೂಪಾಗಿ ಮುಳ್ಳಾಗುತ್ತದೆ. ಒಮ್ಮೆ ಮುಳ್ಳಾಗಿದ್ದು ಮತ್ತೆ ಹೂವಾಗುವುದಿಲ್ಲ. ನಿಮ್ಮ ಗಿಡದಲ್ಲಿ ಉದ್ದ ಮುಳ್ಳುಗಳ ಸಾಲೇ ಇದೆ ಅಂದರೆ ಅಷ್ಟೂ ಹೂಗೊಂಚಲು ಕೈತಪ್ಪಿತು ಅಂತ ಅರ್ಥ. ನನ್ನ ಪ್ರಕಾರ ಈ ಗಿಡದ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದೇ. ಬಾಕಿ ಆರೈಕೆಯೆಲ್ಲ ಆ ಕಣ್ಣನ್ನು ಹೂವಿನ ಕಡೆ ಒಲಿಸುವ ಕೆಲಸ.

ಹಾಗಾದರೆ ಯಾವ ಕಣ್ಣು ಯಾವ ದಾರಿ ಹಿಡಿಯುತ್ತದೆ? 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾಕೆಟ್ ಮತ್ತು ಸ್ಯಾಕ್ಸ್ ಎಂಬ ಸಸ್ಯವಿಜ್ಞಾನಿಗಳು 'ಸ್ಯಾನ್ ಡಿಯಾಗೊ ರೆಡ್' ಎಂಬ ಕೆಂಪು ತಳಿಯ ಮೇಲೆ ಇದನ್ನೇ ಅಧ್ಯಯನ ಮಾಡಿದರು. ಹಗಲು ಚಿಕ್ಕದಾಗಿದ್ದಾಗ ಹೂ ಸುಲಭವಾಗಿ ಬಂತು. ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಕೊಟ್ಟಾಗ ಹೂವಾಗಬೇಕಾದ ಕಣ್ಣುಗಳು ಮುಳ್ಳಿನ ದಾರಿ ಹಿಡಿದವು. ಜಿಬ್ಬರೆಲಿನ್ ಅಂದರೆ ಕೊಂಬೆಯನ್ನು ಸರಸರ ಉದ್ದ ಮಾಡುವ ಹಾರ್ಮೋನು. ಗಿಡ ಉದ್ದ ಬೆಳೆಯುವ ಉತ್ಸಾಹದಲ್ಲಿದ್ದಾಗ ಹೂವಿನ ಕಣ್ಣು ಹಿಂದೆ ಬೀಳುತ್ತದೆ ಅಂತಾಯಿತು.

ಇದರ ಹಿಂದೆ ಆಹಾರ ಹಂಚಿಕೆಯ ಲೆಕ್ಕವಿದೆ ಅಂತ ಅವರು ವಾದಿಸಿದರು. ಎಲೆಗಳು ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತವೆ. ಆ ಸಕ್ಕರೆಗೆ ಮೊದಲ ಹಕ್ಕುದಾರ ಕೊಂಬೆಯ ತುದಿಯ ಎಳೆ ಚಿಗುರು. ಚಿಗುರು ಜೋರಾಗಿ ಓಡುತ್ತಿದ್ದರೆ ಬಂದಿದ್ದನ್ನೆಲ್ಲ ಅದೇ ತಿಂದು ಮುಗಿಸುತ್ತದೆ, ಸಂದಿನ ಕಣ್ಣಿಗೆ ಏನೂ ಉಳಿಯುವುದಿಲ್ಲ, ಅದು ಮುಳ್ಳಾಗುತ್ತದೆ. ಚಿಗುರಿನ ಓಟ ನಿಧಾನವಾಗಿ, ಎಲೆಗಳ ಸಕ್ಕರೆ ತಯಾರಿ ಮಾತ್ರ ಚೆನ್ನಾಗಿ ನಡೆಯುತ್ತಿದ್ದರೆ ಆಗ ಉಳಿಕೆ ಕಣ್ಣಿಗೆ ಸಿಗುತ್ತದೆ, ಹೂವಾಗುತ್ತದೆ. ಈಗ ಡಿವೈಡರ್ ಗಿಡವನ್ನು ನೆನಪಿಸಿಕೊಳ್ಳಿ. ಬೆಳಗಿನಿಂದ ಸಂಜೆವರೆಗೆ ಬಿಸಿಲು, ಹಾಗಾಗಿ ಸಕ್ಕರೆ ಧಾರಾಳ. ನೀರಿನ ಕೊರತೆ, ಹಾಗಾಗಿ ಚಿಗುರು ಓಡುವುದಿಲ್ಲ. ಎರಡೂ ಒಟ್ಟಿಗೆ ಸೇರಿದ್ದರಿಂದ ಅಷ್ಟು ಹೂ. ಬರೀ ನೀರು ಕಡಿಮೆ ಮಾಡಿ ಗಿಡವನ್ನು ನೆರಳಲ್ಲಿಟ್ಟರೆ ಸಕ್ಕರೆಯೂ ಇಲ್ಲ, ಹೂವೂ ಇಲ್ಲ.

ಆದ್ದರಿಂದ ಮೊದಲ ಮಾತು ಬಿಸಿಲು. ದಿನಕ್ಕೆ ಕಡಿಮೆಯೆಂದರೂ 5ರಿಂದ 6 ಗಂಟೆ ನೇರ ಬಿಸಿಲು ಬೀಳಬೇಕು. ಬೆಳಕು ಇದ್ದರೆ ಸಾಲದು, ಬಿಸಿಲೇ ಬೇಕು. ಅಪಾರ್ಟ್‌ಮೆಂಟಿನ ಉತ್ತರ ದಿಕ್ಕಿನ ಬಾಲ್ಕನಿ, ಎದುರು ಕಟ್ಟಡದ ನೆರಳು ಬೀಳುವ ಕಿಟಕಿ, ತೆಂಗಿನ ಮರದ ಕೆಳಗಿನ ಜಾಗ, ಇವೆಲ್ಲ ಬೋಗನ್‌ವಿಲ್ಲಾಕ್ಕೆ ಆಗಿ ಬರುವುದಿಲ್ಲ. ಅಂಥ ಕಡೆ ಗಿಡ ಬದುಕಿರುತ್ತದೆ, ಆದರೆ ಹೂವಿಗೆ ಕಾದು ಕಾದು ಸುಸ್ತಾಗುತ್ತದೆ. ಅಲ್ಲಿ ಮನಿಪ್ಲಾಂಟ್ ಹಬ್ಬಿಸುವುದೇ ಒಳ್ಳೆಯದು. ಈ ವಿಷಯದಲ್ಲಿ ರಾಜಿ ಮಾಡಿಕೊಂಡು ಆಮೇಲೆ ಗೊಬ್ಬರದಲ್ಲಿ ಪರಿಹಾರ ಹುಡುಕಿದರೆ ಪ್ರಯೋಜನವಿಲ್ಲ.

ಹಗಲಿನ ಉದ್ದ ನಮ್ಮ ಕೈಯಲ್ಲಿಲ್ಲ, ಆದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬಹುದು. ಬೆಂಗಳೂರಿನಲ್ಲಿ ಜೂನ್ ಕೊನೆಗೆ ಹಗಲು ಹೆಚ್ಚುಕಡಿಮೆ 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷ. ಒಂದೂವರೆ ಗಂಟೆಯ ವ್ಯತ್ಯಾಸ ಅಷ್ಟೇ. ಆದರೂ ನಮ್ಮಲ್ಲಿ ಹಗಲು ಚಿಕ್ಕದಾಗುವುದು, ಮಳೆ ನಿಲ್ಲುವುದು, ಆಕಾಶ ತಿಳಿಯಾಗುವುದು ಎಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ನವೆಂಬರ್ ಮುಗಿಯುತ್ತಿದ್ದಂತೆ ಬಯಲುಸೀಮೆಯ ಗಿಡಗಳು ಹೂವಿಗೆ ತಯಾರಾಗುತ್ತವೆ, ಬೇಸಿಗೆ ಮುಗಿಯುವವರೆಗೆ ಒಂದರ ಹಿಂದೆ ಒಂದು ಸುತ್ತು ಹೂ ಬರುತ್ತಿರುತ್ತದೆ. ಜೂನ್ ಮಳೆ ಶುರುವಾದ ಮೇಲೆ ಗಿಡ ಮತ್ತೆ ಎಲೆಯ ಕಡೆ ತಿರುಗುತ್ತದೆ. ಜುಲೈನಲ್ಲಿ ಹೂವಿಲ್ಲ ಅಂತ ಚಿಂತೆ ಮಾಡಬೇಕಿಲ್ಲ, ಅದು ಅದರ ಬೆಳೆಯುವ ಕಾಲ. ಜನವರಿಯಲ್ಲೂ ಹೂವಿಲ್ಲ ಅಂದರೆ ಆಗ ಕಾರಣ ಹುಡುಕಬೇಕು.

ಈಗ ನೀರು. ಕುಂಡದ ಗಿಡಕ್ಕೆ ದಿನಾ ಇಷ್ಟು ಚೊಂಬು ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಮಣ್ಣಿನೊಳಗೆ ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಹಾಕಿ, ತೇವ ಇದ್ದರೆ ಸುಮ್ನೆ ಬಿಡಿ. ಹಾಕುವಾಗ ಮಾತ್ರ ಕುಂಡದ ತಳದ ತೂತಿನಿಂದ ಹರಿದು ಹೋಗುವಷ್ಟು ಪೂರ್ತಿ ಹಾಕಬೇಕು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಿನ ಮಣ್ಣು ಸದಾ ಒದ್ದೆ, ಕೆಳಗಿನ ಬೇರಿಗೆ ಏನೂ ಇಲ್ಲ. ಅದು ಎರಡೂ ಕಡೆ ನಷ್ಟ.

ಹೂ ಬರಿಸಲೇಬೇಕು ಅಂದಾಗ ಸ್ವಲ್ಪ ಹೆಚ್ಚು ಬಿಗಿ ಮಾಡಬೇಕು. ಗಿಡ ಆರೋಗ್ಯವಾಗಿದ್ದು, ಮೈತುಂಬ ಎಲೆ ಇದ್ದು, ಒಳ್ಳೆ ಬಿಸಿಲಿನಲ್ಲಿದ್ದಾಗ ಮಾತ್ರ ಇದನ್ನು ಮಾಡಿ. ನೀರು ನಿಲ್ಲಿಸಿ, ತುದಿಯ ಎಳೆ ಎಲೆಗಳು ಸ್ವಲ್ಪ ಜೋತುಬೀಳುವವರೆಗೆ ಕಾಯಿರಿ. ಜೋತುಬಿದ್ದ ದಿನವೇ ಮಾಮೂಲಿಗಿಂತ ಅರ್ಧದಷ್ಟು ನೀರು ಕೊಡಿ. ಮತ್ತೆ ಜೋತುಬೀಳುವವರೆಗೆ ಕಾಯಿರಿ. ಹೀಗೆ ಕೆಲವು ಸುತ್ತು ಆಗುವಷ್ಟರಲ್ಲಿ ತುದಿಯ ಬೆಳವಣಿಗೆ ನಿಂತು, ಎಲೆಸಂದಿನಲ್ಲಿ ಸಣ್ಣ ಬಣ್ಣದ ಚುಕ್ಕೆಗಳು ಕಾಣಲು ಶುರುವಾಗುತ್ತವೆ. ಚುಕ್ಕೆ ಕಂಡ ದಿನದಿಂದ ಬಿಗಿ ಸಡಿಲಿಸಿ, ಮಾಮೂಲಿ ನೀರಿಗೆ ಬನ್ನಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಮೊಗ್ಗು ಬಂದ ಮೇಲೂ ಒಣಗಿಸುತ್ತಾ ಹೋದರೆ ಬಣ್ಣ ಬಿಚ್ಚಿಕೊಳ್ಳುವ ಮುಂಚೆಯೇ ಮೊಗ್ಗು ಉದುರುತ್ತದೆ. ಹಾಗಂತ ಖುಷಿಯಲ್ಲಿ ಬಕೆಟ್‌ಗಟ್ಟಲೆ ಸುರಿದರೂ ಉದುರುತ್ತದೆ. ಎಲೆ ಜೋತುಬೀಳುವುದಕ್ಕೂ ಎಲೆ ಗರಿಗರಿಯಾಗಿ ಒಣಗುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ಬಿಟ್ಟರೆ ಸಕ್ಕರೆ ತಯಾರಿಸುವ ಎಲೆಯೇ ಹೋಯಿತು, ಆಮೇಲೆ ಹೂ ಎಲ್ಲಿಂದ ಬರಬೇಕು?

ನೆಲದಲ್ಲಿ ನೆಟ್ಟ ಗಿಡದ ಕಥೆ ಬೇರೆ. ಬೇರು ಆಳಕ್ಕೆ ಹೋದ ಮೇಲೆ, ಅಂದರೆ ನೆಟ್ಟು ಒಂದೆರಡು ವರ್ಷದ ನಂತರ, ಬಯಲುಸೀಮೆಯಲ್ಲಿಯೂ ಅದಕ್ಕೆ ಬೇಸಿಗೆಯಲ್ಲಿ ಅಪರೂಪಕ್ಕೆ ನೀರು ಕೊಟ್ಟರೆ ಸಾಕು. ಹುಲ್ಲಿನ ಲಾನ್ ಪಕ್ಕ ನೆಟ್ಟರೆ ಮಾತ್ರ ತೊಂದರೆ, ಯಾಕೆಂದರೆ ಲಾನ್‌ಗೆ ಹಾಕುವ ನೀರು, ಗೊಬ್ಬರ ಎರಡೂ ಇದಕ್ಕೂ ಸೇರುತ್ತದೆ, ಗಿಡ ಹಸಿರು ಗುಡ್ಡವಾಗುತ್ತದೆ.

ಕುಂಡದ ಅಳತೆಯ ಬಗ್ಗೆಯೂ ಇದೇ ಲೆಕ್ಕ. ಚಿಕ್ಕ ಸಸಿಯನ್ನು ತಂದು ಏಕದಂ ಡ್ರಮ್ಮಿನಲ್ಲಿ ನೆಟ್ಟರೆ ಆ ಮಣ್ಣೆಲ್ಲ ತುಂಬಲು ಬೇರು, ಚಿಗುರು ಎರಡೂ ಓಡುತ್ತವೆ, ಹೂ ಹಿಂದೆ ಬೀಳುತ್ತದೆ. ಮೇಲಾಗಿ ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಕೊಳೆ ಶುರುವಾಗುತ್ತದೆ. ಈಗಿರುವ ಕುಂಡಕ್ಕಿಂತ ಎರಡು ಇಂಚು ಅಗಲದ ಕುಂಡ ಸಾಕು. 12 ಇಂಚಿನ ಕುಂಡದಲ್ಲಿ ಬೇರು ಸ್ವಲ್ಪ ಇಕ್ಕಟ್ಟಾಗಿ ಕೂತ ಗಿಡ ವರ್ಷಗಟ್ಟಲೆ ಚೆನ್ನಾಗಿ ಹೂ ಕೊಡುತ್ತದೆ. ನೀರು ಹಾಕಿದರೂ ಮಣ್ಣು ಬಹಳ ಬೇಗ ಒಣಗುವಷ್ಟು ಬೇರು ತುಂಬಿಕೊಂಡಾಗ ಮಾತ್ರ ಕುಂಡ ಬದಲಿಸಿ.

ಬದಲಿಸುವಾಗ ಬಹಳ ಜೋಪಾನ. ಮೇಲೆ ಇಷ್ಟು ಗಟ್ಟಿ ಗಿಡಕ್ಕೆ ಕೆಳಗಿನ ಬೇರು ತುಂಬಾ ಸೂಕ್ಷ್ಮ, ತೆಳ್ಳಗಿನ ಬೇರುಗಳು ಪಟಪಟ ಮುರಿಯುತ್ತವೆ. ದಾಸವಾಳ, ಗುಲಾಬಿಗೆ ಮಾಡುವ ಹಾಗೆ ಬೇರಿನ ಮಣ್ಣು ಉದುರಿಸಿ, ಕೆದಕಿ, ಬಿಡಿಸಿ ನೆಡಬೇಡಿ. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಲ್ಲಿ ಸೀಳಿ, ಮಣ್ಣಿನ ಉಂಡೆ ಒಡೆಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿಸಿ. ಕಾಂಡ ಹಿಡಿದು ಎಳೆಯಲೇಬೇಡಿ.

ಮಣ್ಣು ನೀರು ಬಸಿಯುವಂತಿರಬೇಕು, ಇದೊಂದೇ ಕಟ್ಟುನಿಟ್ಟು. ಕುಂಡಕ್ಕಾದರೆ ಕೆಂಪು ಮಣ್ಣು ಎರಡು ಪಾಲು, ಒರಟು ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಹಾಕಿದರೆ ಆಯಿತು. ಕೊಕೊಪೀಟ್ ಜಾಸ್ತಿ ಹಾಕಬೇಡಿ, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಮಗೆ ಬೇಕಿರುವುದು ಅದಕ್ಕೆ ಉಲ್ಟಾ. ಕೋಲಾರ, ತುಮಕೂರು ಕಡೆಯ ಕೆಂಪು ನೆಲದಲ್ಲಿ ಗುಂಡಿ ತೋಡಿ ಹಾಗೇ ನೆಡಬಹುದು. ಗದಗ, ವಿಜಯಪುರ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಉಸಿರುಗಟ್ಟಿಸುತ್ತದೆ, ಅಲ್ಲಿ ಗುಂಡಿಗೆ ಗರಸು ಬೆರೆಸಿ, ನೆಲಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ ನೆಡುವುದು ಒಳ್ಳೆಯದು. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಅದೂ ಹೆಚ್ಚಿನದು ಮೂರು ನಾಲ್ಕು ತಿಂಗಳಲ್ಲಿ ಸುರಿಯುವಂಥದ್ದು. ಅಲ್ಲಿ ಕುಂಡದ ಗಿಡಗಳನ್ನು ಆ ತಿಂಗಳುಗಳಲ್ಲಿ ಸೂರಿನಂಚಿಗೆ ಸರಿಸಿ, ಕುಂಡದ ಕೆಳಗಿನ ತಟ್ಟೆ ತೆಗೆದು, ಎರಡು ಇಟ್ಟಿಗೆ ಮೇಲೆ ಇಡಿ. ಕರಾವಳಿಯ ಗಿಡ ಮಳೆಗಾಲದಲ್ಲಿ ಸತ್ತರೆ ಹೆಚ್ಚಾಗಿ ಅದು ಕೊಳೆತ ಬೇರಿನಿಂದಲೇ.

ಗೊಬ್ಬರದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಹೂ ಬರುತ್ತಿಲ್ಲ ಅಂದಾಗ ನಮ್ಮ ಕೈ ಮೊದಲು ಹೋಗುವುದು ಗೊಬ್ಬರಕ್ಕೆ, ಬೋಗನ್‌ವಿಲ್ಲಾದಲ್ಲಿ ಅದೇ ಹೂವನ್ನು ಇನ್ನಷ್ಟು ದೂರ ತಳ್ಳುತ್ತದೆ. ಸಾರಜನಕ ಜಾಸ್ತಿ ಇರುವ ಏನೇ ಹಾಕಿದರೂ, ಯೂರಿಯಾ ಇರಲಿ, ನೆನೆಸಿದ ಕಡಲೆಕಾಯಿ ಹಿಂಡಿ ಇರಲಿ, ಹಸಿ ಸಗಣಿ ನೀರಿರಲಿ, ಚಿಗುರು ಓಡುತ್ತದೆ. ಚಿಗುರು ಓಡಿದರೆ ಏನಾಗುತ್ತದೆ ಅಂತ ಈಗಾಗಲೇ ಹೇಳಿದ್ದೇನೆ. ಸವರಿದ ಮೇಲೆ, ಗಿಡ ಎಲೆ ಕಟ್ಟಿಕೊಳ್ಳಬೇಕಾದ ಕಾಲದಲ್ಲಿ ಒಂದು ಸಲ ಕಳಿತ ಗೊಬ್ಬರ ಕೊಡಿ. ಮಳೆ ಕಡಿಮೆಯಾಗಿ ಹೂವಿನ ಕಾಲ ಹತ್ತಿರ ಬಂದಾಗ ಹಿಂಡಿ ಪೂರ್ತಿ ನಿಲ್ಲಿಸಿ, ಪೊಟ್ಯಾಶ್ ಹೆಚ್ಚಿರುವ ಗೊಬ್ಬರ ಸ್ವಲ್ಪ ಕೊಟ್ಟರೆ ಸಾಕು. ನೆಲದ ಗಿಡಕ್ಕೆ ಅದೂ ಬೇಡ ಅಂತಲೇ ಹೇಳುತ್ತೇನೆ.

ಎಲೆ ಹಳದಿಯಾಗುವುದು ಬೇರೆ ವಿಷಯ, ಅದನ್ನು ಗೊಬ್ಬರದ ಕೊರತೆ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಾರದು. ಯಾವ ಎಲೆ ಹಳದಿಯಾಗಿದೆ ಅಂತ ಮೊದಲು ನೋಡಿ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಮಣ್ಣು ಕ್ಷಾರವಾಗಿದ್ದರೆ ಬೇರು ಅದನ್ನು ಎಳೆದುಕೊಳ್ಳಲಾರದು. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು, ಪಿಎಚ್ 5.5ರಿಂದ 6.5ರ ಆಸುಪಾಸು ಇಷ್ಟ. ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರು ಹಾಕಿದ ಕುಂಡದಲ್ಲಿ ಸುಣ್ಣದ ಬಿಳಿ ಪೊರೆ ಕಟ್ಟಿರುವುದು ನೋಡಿರುತ್ತೀರಿ, ಅಲ್ವಾ, ಅಂಥ ಕಡೆ ಈ ತೊಂದರೆ ಜಾಸ್ತಿ. ಮಳೆನೀರು ಹಿಡಿದು ಹಾಕುವುದು, ಮೇಲಿನ ಮಣ್ಣು ಬದಲಿಸುವುದು, ಚೀಲೇಟೆಡ್ ಕಬ್ಬಿಣ ಅಂತ ಸಿಗುವ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಕೊಡುವುದು ಇದಕ್ಕೆ ದಾರಿ. ಒಲೆ ಬೂದಿ ಹಾಕಬೇಡಿ, ಬೂದಿ ಕ್ಷಾರವನ್ನು ಇನ್ನೂ ಏರಿಸುತ್ತದೆ. ಕೆಳಗಿನ ಹಳೆ ಎಲೆ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ, ಎಪ್ಸಮ್ ಸಾಲ್ಟ್ ಕೆಲಸ ಮಾಡುತ್ತದೆ. ಇಡೀ ಗಿಡ ಹಳದಿಯಾಗಿ, ಮಣ್ಣು ಒದ್ದೆ ಇದ್ದೂ ಎಲೆ ಜೋತುಬಿದ್ದಿದ್ದರೆ ಬೇರು ಕೊಳೆಯುತ್ತಿದೆ. ಆಗ ಗೊಬ್ಬರ, ಔಷಧ ಏನೂ ಬೇಡ, ನೀರು ನಿಲ್ಲಿಸಿ.

ಇನ್ನು ಕತ್ತರಿ. ಹೂ ಬರುವುದು ಹೊಸ ಕೊಂಬೆಗಳ ಮೇಲೆ, ಹಾಗಾಗಿ ಸವರದೆ ಬಿಟ್ಟ ಗಿಡದಲ್ಲಿ ಬುಡ ಬರಿದಾಗಿ ಹೂ ತುದಿಗೆ ಮಾತ್ರ ಸೀಮಿತವಾಗುತ್ತದೆ. ಬೇಸಿಗೆಯ ಕೊನೆ ಸುತ್ತಿನ ಹೂ ಮುಗಿದು, ಮುಂಗಾರು ಶುರುವಾಗುವ ಹೊತ್ತಿಗೆ ಗಟ್ಟಿಯಾಗಿ ಸವರಿ. ಅರ್ಧಕ್ಕರ್ಧ ತೆಗೆದರೂ ಆರೋಗ್ಯದ ಗಿಡ ಹೆದರುವುದಿಲ್ಲ. ಆಮೇಲೆ ಮಳೆಯಲ್ಲಿ ಬಂದ ಉದ್ದ ಕೊಂಬೆಗಳ ತುದಿಯನ್ನು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಒಂದು ಗೇಣು ಚಿವುಟಿ. ತುದಿ ಹೋದರೆ ಪಕ್ಕದ ಕಣ್ಣುಗಳು ಒಡೆಯುತ್ತವೆ, ಒಂದು ಕೊಂಬೆ ಇದ್ದ ಕಡೆ ಮೂರು ನಾಲ್ಕು ಆಗುತ್ತವೆ, ಹೂ ಬರುವ ಜಾಗವೂ ಅಷ್ಟು ಪಟ್ಟು ಹೆಚ್ಚುತ್ತದೆ. ಸವರಿದ ಮೇಲೆ ಹೂ ಕಾಣಲು ಒಂದೂವರೆ ಎರಡು ತಿಂಗಳಾದರೂ ಬೇಕು, ಆದ್ದರಿಂದ ಸಂಕ್ರಾಂತಿಗೆ ಹೂ ಬೇಕೆಂದರೆ ಡಿಸೆಂಬರ್‌ನಲ್ಲಿ ಕತ್ತರಿ ಮುಟ್ಟಬೇಡಿ. ಪ್ರತಿ ಸುತ್ತು ಹೂ ಮುಗಿದಾಗ ಒಣಗಿದ ಗೊಂಚಲಿನ ಜೊತೆ ನಾಲ್ಕೈದು ಇಂಚು ಕೊಂಬೆ ತೆಗೆದರೆ ಮುಂದಿನ ಸುತ್ತು ಬೇಗ ಬರುತ್ತದೆ.

ಬುಡದಿಂದ ನೆಟ್ಟಗೆ, ದಪ್ಪವಾಗಿ, ಕೆಲವೇ ವಾರದಲ್ಲಿ ಆಳೆತ್ತರ ಏಳುವ ಚಿಗುರನ್ನು ನೋಡಿ ಖುಷಿಪಡಬೇಡಿ. ಅದರ ತುಂಬ ಮುಳ್ಳೇ ಇರುತ್ತದೆ, ಇಡೀ ಗಿಡದ ಶಕ್ತಿ ಎಳೆದುಕೊಳ್ಳುತ್ತದೆ. ಆಕಾರಕ್ಕೆ ಬೇಕಾಗಿಲ್ಲದಿದ್ದರೆ ಬುಡದಲ್ಲೇ ತೆಗೆಯಿರಿ. ಕಸಿ ಕಟ್ಟಿದ ಗಿಡದಲ್ಲಿ ಕಸಿಯ ಗಂಟಿಗಿಂತ ಕೆಳಗೆ ಬಂದಿದ್ದರಂತೂ ಒಂದು ದಿನವೂ ಬಿಡಬೇಡಿ, ಅದು ಬೇರೆಯೇ ಗಿಡ. ಸವರುವಾಗ ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮುಳ್ಳು ಆಳಕ್ಕೆ ಚುಚ್ಚುತ್ತದೆ, ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆಯೂ ಬರುತ್ತದೆ. ಕಡಿದ ಕೊಂಬೆಗಳನ್ನು ಮಕ್ಕಳು ಬರಿಗಾಲಲ್ಲಿ ಓಡಾಡುವ ಕಡೆ ಬಿಡಬೇಡಿ.

ಹಬ್ಬಿಸುವುದರಲ್ಲಿಯೂ ಒಂದು ಗುಟ್ಟಿದೆ. ಇದನ್ನು ಬಳ್ಳಿ ಅಂತ ಕರೆದರೂ ಅವರೆ, ಹಾಗಲದ ಹಾಗೆ ಸುತ್ತಿಕೊಳ್ಳುವ ಅಥವಾ ಕುಡಿಯಿಂದ ಹಿಡಿದುಕೊಳ್ಳುವ ಶಕ್ತಿ ಇದಕ್ಕಿಲ್ಲ. ಕಾಡಿನಲ್ಲಿ ಇದು ಮುಳ್ಳನ್ನು ಪಕ್ಕದ ಗಿಡಮರಗಳಿಗೆ ಸಿಕ್ಕಿಸಿಕೊಂಡು, ಅವುಗಳ ಮೇಲೆ ಒರಗಿ ಬಿಸಿಲಿಗೆ ಏರುತ್ತದೆ. ಮನೆಯಲ್ಲಿ ಗ್ರಿಲ್ಲಿಗೋ ಚಪ್ಪರಕ್ಕೋ ನಾವೇ ಕಟ್ಟಬೇಕು. ಸೆಣಬಿನ ದಾರ ಅಥವಾ ಹಳೆ ಬಟ್ಟೆಯ ಪಟ್ಟಿ ಸಾಕು, ತಂತಿ ಬೇಡ, ಕಾಂಡ ದಪ್ಪವಾದಂತೆ ತಂತಿ ಒಳಗೆ ಕೊರೆಯುತ್ತದೆ. ಕಟ್ಟುವಾಗ ನೆಟ್ಟಗೆ ಮೇಲಕ್ಕೆ ಕಟ್ಟದೆ ಅಡ್ಡಕ್ಕೆ ಬಾಗಿಸಿ ಕಟ್ಟಿ. ನೆಟ್ಟಗಿರುವ ಕೊಂಬೆಯ ತುದಿ ಕೆಳಗಿನ ಕಣ್ಣುಗಳನ್ನು ಏಳಲು ಬಿಡುವುದಿಲ್ಲ, ಅಡ್ಡ ಬಾಗಿದ ಕೊಂಬೆಯಲ್ಲಿ ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಕಣ್ಣುಗಳು ಒಡೆಯುತ್ತವೆ. ಕಾಂಪೌಂಡ್ ಗೋಡೆಯ ಮೇಲೆ ಹೊರಗೆ ಬಾಗಿದ ಕೊಂಬೆಗಳಲ್ಲಿ ಹೂ ಯಾವಾಗಲೂ ಜಾಸ್ತಿ ಕಾಣುವುದು ಇದರಿಂದಲೂ ಹೌದು. ಗಿಡ ದೊಡ್ಡದಾದ ಮೇಲೆ ಭಾರ ಬಹಳ, ಹಳೆಯ ಗೋಡೆ, ತೆಳ್ಳನೆ ಶೀಟಿನ ಮೇಲೆ ಹಬ್ಬಿಸಬೇಡಿ.

ಇಷ್ಟು ಹೊತ್ತು ಹೂ ಹೂ ಅಂದೆ. ನಿಜಕ್ಕೂ ಆ ಗುಲಾಬಿ, ಕೆಂಪು, ಕಿತ್ತಳೆ ಬಣ್ಣದ್ದು ಹೂವಿನ ಎಸಳಲ್ಲ, ಬಣ್ಣ ತಳೆದ ಎಲೆ. ಸಸ್ಯಶಾಸ್ತ್ರದವರು ಅದನ್ನು ಬ್ರ್ಯಾಕ್ಟ್ ಅನ್ನುತ್ತಾರೆ. ಬಣ್ಣ ತಳೆದ ಮೂರು ಎಲೆಗಳ ನಡುವೆ, ಒಂದೊಂದು ಎಲೆಯ ನರಕ್ಕೆ ಅಂಟಿಕೊಂಡು, ಸಣ್ಣ ಕೊಳವೆಯಂಥ ಬಿಳಿ ಹೂ ಇರುತ್ತದೆ, ಅದೇ ಅಸಲಿ ಹೂ. ಎಲೆಯಾದ್ದರಿಂದಲೇ ಆ ಬಣ್ಣ ಇಷ್ಟು ದಿನ ಬಾಳುತ್ತದೆ, ಕಾಗದದ ಹಾಗೆ ಒಣಗಿರುತ್ತದೆ. ಬಣ್ಣ ಕೊಡುವುದು ಬೀಟ್‌ರೂಟಿನಲ್ಲಿರುವಂಥ ಬೀಟಲೈನ್ ಗುಂಪಿನ ವಸ್ತು. ನಮ್ಮ ಹಿತ್ತಲಿನ ಸಂಜೆಮಲ್ಲಿಗೆಯೂ ಇದರ ಕುಟುಂಬದ್ದೇ, ಅದರ ಬಣ್ಣವೂ ಬೀಟಲೈನೇ.

ಇದರ ಮೂಲ ದಕ್ಷಿಣ ಅಮೆರಿಕ. ಬ್ರೆಜಿಲ್, ಪೆರು, ಅರ್ಜೆಂಟೀನಾ ಕಡೆಯ ಕಾಡುಗಳಲ್ಲಿ ಬೆಳೆಯುತ್ತದೆ. ಫ್ರೆಂಚ್ ನಾವಿಕ ಬೋಗನ್‌ವಿಲ್ ಪ್ರಪಂಚ ಸುತ್ತಲು ಹೊರಟಾಗ ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಫಿಲಿಬೆರ್ ಕಾಮರ್ಸನ್ 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಇದನ್ನು ಸಂಗ್ರಹಿಸಿದ. ಅವನ ಸಹಾಯಕಿ ಜಾನ್ ಬಾರೆ ಗಂಡಸಿನ ವೇಷದಲ್ಲಿ ಆ ಹಡಗಿನಲ್ಲಿದ್ದಳು, ಯಾಕೆಂದರೆ ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲ. ಸಮುದ್ರದ ಮೇಲೆ ಪ್ರಪಂಚ ಸುತ್ತಿದ ಮೊದಲ ಹೆಂಗಸು ಅಂತ ಇವತ್ತು ಇತಿಹಾಸ ನೆನೆಯುವುದು ಅವಳನ್ನೇ. ಭಾರತಕ್ಕೆ ಗಿಡ ಬಂದಿದ್ದು 19ನೇ ಶತಮಾನದಲ್ಲಿ. ನಂತರ ನಮ್ಮಲ್ಲೇ ಎಷ್ಟೋ ಹೊಸ ತಳಿಗಳು ಹುಟ್ಟಿದವು. ಗೋಧಿ ತಳಿಗಳಿಗೆ ಹೆಸರಾದ ವಿಜ್ಞಾನಿ ಬಿ.ಪಿ. ಪಾಲ್ ಗುಲಾಬಿಯ ಜೊತೆ ಬೋಗನ್‌ವಿಲ್ಲಾ ತಳಿಗಳ ಮೇಲೂ ಕೆಲಸ ಮಾಡಿದರು. ಜಗತ್ತಿನ ಬೋಗನ್‌ವಿಲ್ಲಾ ತಳಿಗಳ ಹೆಸರು ನೋಂದಾಯಿಸುವ ಅಧಿಕಾರ ಇರುವುದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ.

ತಳಿ ಆರಿಸುವಾಗ ಬಣ್ಣ ಒಂದನ್ನೇ ನೋಡಬೇಡಿ. ಒಂದೇ ಗಿಡದಲ್ಲಿ ಬಿಳಿ ಮತ್ತು ಗಾಢ ಗುಲಾಬಿ ಎರಡೂ ಬಿಡುವ ಮೇರಿ ಪಾಮರ್ ಕೋಲ್ಕತ್ತದಲ್ಲಿ ಹುಟ್ಟಿದ ತಳಿ, ಗಟ್ಟಿ ಗಿಡ. ಎಲೆಯಲ್ಲೂ ಹಳದಿ ಹಸಿರು ಬಣ್ಣ ಇರುವ ಥಿಮ್ಮ ಹೂವಿಲ್ಲದಾಗಲೂ ಚಂದ ಕಾಣುತ್ತದೆ, ಆದರೆ ಅದರಲ್ಲಿ ಬರೀ ಹಸಿರು ಎಲೆಯ ಕೊಂಬೆ ಬಂದರೆ ತಕ್ಷಣ ಕತ್ತರಿಸಬೇಕು. ಹಸಿರು ಕೊಂಬೆ ಬೇಗ ಬೆಳೆದು ಉಳಿದದ್ದನ್ನು ಮುಚ್ಚಿಬಿಡುತ್ತದೆ. ಮಹಾರಾ ಥರದ ದುಂಡು ಗೊಂಚಲಿನ ತಳಿಗಳಲ್ಲಿ ಅಸಲಿ ಬಿಳಿ ಹೂ ಇರುವುದಿಲ್ಲ, ಬಣ್ಣದ ಎಲೆಗಳೇ ಪದರಪದರವಾಗಿ ತುಂಬಿರುತ್ತವೆ. ನೋಡಲು ಸೊಗಸು, ಆದರೆ ಒಣಗಿದ ಗೊಂಚಲು ತಾನಾಗಿ ಉದುರುವುದಿಲ್ಲ, ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ. ಕತ್ತರಿಸುವ ತಾಳ್ಮೆ ಇದ್ದವರಿಗೆ ಮಾತ್ರ ಅದನ್ನು ಹೇಳುತ್ತೇನೆ. ಒಂದೇ ಬುಡಕ್ಕೆ ಮೂರು ನಾಲ್ಕು ಬಣ್ಣ ಕಸಿ ಕಟ್ಟಿದ ಗಿಡ ಕೊಂಡರೆ ಜೋರಾಗಿ ಬೆಳೆಯುವ ಬಣ್ಣವನ್ನು ಆಗಾಗ ಸವರುತ್ತಿರಬೇಕು, ಇಲ್ಲದಿದ್ದರೆ ಅದೊಂದೇ ಉಳಿಯುತ್ತದೆ.

ನರ್ಸರಿಯಲ್ಲಿ ಮೈತುಂಬ ಹೂವಿದ್ದ ಗಿಡ ಮನೆಗೆ ತಂದ ವಾರದೊಳಗೆ ಎಲೆ, ಹೂ ಎಲ್ಲ ಉದುರಿಸಿದರೆ ಗಾಬರಿ ಬೇಡ. ಜಾಗ, ಬಿಸಿಲು, ನೀರು ಎಲ್ಲ ಒಟ್ಟಿಗೆ ಬದಲಾದಾಗ ಹಾಗಾಗುತ್ತದೆ. ತಂದ ದಿನವೇ ಕುಂಡ ಬದಲಿಸದೆ, ಗೊಬ್ಬರ ಹಾಕದೆ, ಬಿಸಿಲಿನಲ್ಲಿ ಒಂದೆಡೆ ಇಟ್ಟು ಮೂರ್ನಾಲ್ಕು ವಾರ ಬಿಡಿ, ಹೊಸ ಚಿಗುರು ಬರುತ್ತದೆ. ಉಗುರಿನಿಂದ ಕಾಂಡದ ಸಿಪ್ಪೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಗಿಡ ಜೀವಂತವಾಗಿದೆ.

ರೋಗ, ಹುಳ ಇದಕ್ಕೆ ಕಡಿಮೆ. ಎಲೆಸಂದಿನಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ನೀರಿನ ಪೈಪಿನಿಂದ ಜೋರಾಗಿ ತೊಳೆದು, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮಳೆಗಾಲದಲ್ಲಿ ಎಲೆಗೆ ಕಪ್ಪು ಕಂದು ಚುಕ್ಕೆ ಬಂದರೆ ಆ ಎಲೆಗಳನ್ನು ತೆಗೆದು ಹಾಕಿ, ಗಿಡದ ನಡುವೆ ಗಾಳಿ ಆಡುವಂತೆ ಸವರಿದರೆ ಸಾಕು.

ಗಿಡ ಹೆಚ್ಚಿಸುವವರಿಗೆ ಮುಂಗಾರಿನ ಸವರುವಿಕೆಯೇ ಒಳ್ಳೆ ಅವಕಾಶ. ತೋಟದ ತಳಿಗಳಲ್ಲಿ ಬೀಜ ಕಟ್ಟುವುದು ಅಪರೂಪ, ಹಾಗಾಗಿ ಕಡ್ಡಿಯಿಂದಲೇ ಬೆಳೆಸಬೇಕು. ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕೊಂಬೆಯನ್ನು 6ರಿಂದ 8 ಇಂಚು ಕತ್ತರಿಸಿ, ಎಲೆ ತೆಗೆದು, ಬುಡವನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಮರಳು ಮಿಶ್ರಿತ ಮಣ್ಣಿನಲ್ಲಿ ನೆರಳಲ್ಲಿ ಊರಿ. ಚಿಗುರು ಬಂದ ಮಾತ್ರಕ್ಕೆ ಬೇರು ಬಂದಿದೆ ಅಂದುಕೊಳ್ಳಬೇಡಿ, ಕಡ್ಡಿಯಲ್ಲಿ ಉಳಿದ ಶಕ್ತಿಯಿಂದಲೂ ಚಿಗುರುತ್ತದೆ, ಎಳೆದು ನೋಡಿದರೆ ಹುಟ್ಟುತ್ತಿರುವ ಬೇರು ಮುರಿಯುತ್ತದೆ. ಎರಡು ತಿಂಗಳು ಮುಟ್ಟದೆ ಬಿಡಿ. ಮಾಮೂಲಿ ಗುಲಾಬಿ ಬಣ್ಣದ ಗಿಡ ಹೀಗೆ ಸುಲಭವಾಗಿ ಬರುತ್ತದೆ. ಮಹಾರಾ, ಎಲೆಯಲ್ಲಿ ಬಣ್ಣ ಇರುವ ತಳಿಗಳು ಕಡ್ಡಿಯಿಂದ ಕಷ್ಟ, ಅವಕ್ಕೆ ಗೂಟಿ ಕಟ್ಟುವುದೇ ಸರಿ. ಗಿಡದಲ್ಲಿರುವ ಕೊಂಬೆಯ ಸಿಪ್ಪೆಯನ್ನು ಒಂದು ಇಂಚು ಸುತ್ತಲೂ ತೆಗೆದು, ಒದ್ದೆ ಪಾಚಿ ಅಥವಾ ಕೊಕೊಪೀಟ್ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ಬೇರು ಚೆನ್ನಾಗಿ ಕಾಣಿಸಿಕೊಂಡ ಮೇಲೆ ಅದರ ಕೆಳಗೆ ಕತ್ತರಿಸಿ, ಪಾಚಿಯ ಉಂಡೆ ಒಡೆಯದೆ ಚಿಕ್ಕ ಕುಂಡದಲ್ಲಿ ನೆಡಿ, ಮೊದಲ ಎರಡು ವಾರ ನೆರಳಲ್ಲಿಟ್ಟು ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಸರಿಸಿ.